ಅಲ್ ಐನ್ ಓಯಸಿಸ್‌ಗೆ ಒಂದೇ ದಿನ: ಏನು ನೋಡಬೇಕು, ಏನು ಬಿಡಬೇಕು

ಪ್ರಶ್ನೆ: ನಮ್ಮದು ಶಿರಸಿ ಕಡೆ, ಅಡಿಕೆ ತೋಟ. ಶಾರ್ಜಾದಲ್ಲಿ ಮಗ, ಸೊಸೆ ಇದ್ದಾರೆ. ಡಿಸೆಂಬರ್ ಕೊನೆಯ ವಾರ ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೇವೆ. ಅಲ್ ಐನ್‌ನ ಖರ್ಜೂರದ ತೋಟ, ಹಳೇ ಮಣ್ಣಿನ ಕೋಟೆ ನೋಡಬೇಕೆಂದು ಬಹಳ ದಿನದ ಆಸೆ. ಮಗನಿಗೆ ರಜೆ ಒಂದೇ ದಿನ. ಹೆಂಡತಿಗೆ ಮಂಡಿನೋವು, ಜೊತೆಗೆ 9 ವರ್ಷದ ಮೊಮ್ಮಗಳು. ಒಂದು ದಿನದಲ್ಲಿ ಆಗುತ್ತದೆಯೇ? ಅಲ್ಲಿಯ ‘ಫಲಜ್’ ಎಂಬ ನೀರಿನ ಏರ್ಪಾಡು ನಮ್ಮ ಸುರಂಗದ ಹಾಗೆಯೇ? ಹಣ್ಣು ಮರದಲ್ಲೇ ನೋಡಲು ಸಿಗಬಹುದೇ? ಒಂದೆರಡು ಗಿಡ ತಂದು ನಮ್ಮಲ್ಲಿ ನೆಟ್ಟರೆ ಬಂದೀತೇ?

ಉತ್ತರ: ಒಂದು ದಿನ ಸಾಕು. ಆದರೆ ಆ ದಿನಕ್ಕೆ ನೀವು ಹಾಕಿಕೊಂಡಿರಬಹುದಾದ ಪಟ್ಟಿಯಲ್ಲಿ ಅರ್ಧ ಹೊಡೆದುಹಾಕಬೇಕು. ಅಲ್ ಐನ್‌ಗೆ ಹೋಗುವವರು ಸಾಮಾನ್ಯವಾಗಿ ಓಯಸಿಸ್, ಎರಡು ಕೋಟೆ, ಮ್ಯೂಸಿಯಂ, ಮೃಗಾಲಯ, ಒಂಟೆ ಸಂತೆ, ಜಬಲ್ ಹಫೀತ್ ಬೆಟ್ಟ ಎಲ್ಲವನ್ನೂ ಒಂದೇ ಬಿಸಿಲಿಗೆ ಮುಗಿಸಲು ಹೊರಡುತ್ತಾರೆ. ಹಾಗಾದಾಗ ಓಯಸಿಸ್‌ಗೆ ಸಿಗುವುದು ಮುಕ್ಕಾಲು ಗಂಟೆ. ಗೇಟಿನ ಹತ್ತಿರದ ನಾಲ್ಕು ಮರ ನೋಡಿ, ಫೋಟೊ ತೆಗೆದು, ‘ತೋಟ ಅಷ್ಟೇ’ ಎಂದು ವಾಪಸಾಗುತ್ತಾರೆ. ಅಡಿಕೆ ತೋಟದ ಮನೆಯವರು ಆ ತಪ್ಪು ಮಾಡಬಾರದು. ಅಲ್ಲಿ ನೋಡುವುದಕ್ಕೆ ಇರುವುದು ನೀರು ಹೋಗುವ ದಾರಿ. ಅದು ಅರ್ಥವಾದರೆ ಮರ ಯಾಕೆ ಅಲ್ಲಿದೆ, ಗೋಡೆ ಯಾಕೆ ಹಾಗಿದೆ, ಕೋಟೆ ಯಾಕೆ ತೋಟದ ಅಂಚಿನಲ್ಲೇ ಇದೆ ಎಂಬುದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ನಿಮಗೆ ಬೇಸರವಾಗುವ ಮಾತು ಹೇಳಿಬಿಡುತ್ತೇವೆ. ಡಿಸೆಂಬರ್‌ನಲ್ಲಿ ಮರದ ಮೇಲೆ ಹಣ್ಣು ಇರುವುದಿಲ್ಲ. ಖರ್ಜೂರ ಹೊಂಬಾಳೆ ಬಿಡಲು ಶುರುಮಾಡುವುದು ಜನವರಿ ಕೊನೆಗೆ. ಫೆಬ್ರವರಿ, ಮಾರ್ಚ್‌ನಲ್ಲಿ ಪರಾಗ ಕಟ್ಟುತ್ತಾರೆ. ನಘಾಲ್ ಎಂಬ ಬೇಗ ಮಾಗುವ ತಳಿ ಜೂನ್ ಹೊತ್ತಿಗೆ ಬರುತ್ತದೆ, ಉಳಿದ ತಳಿಗಳು ಜುಲೈನಿಂದ ಸೆಪ್ಟೆಂಬರ್‌ವರೆಗೆ. ಹಣ್ಣು ತುಂಬಿದ ಗೊನೆ ನೋಡಬೇಕೆಂದರೆ ಜುಲೈಗೆ ಹೋಗಬೇಕು, ಆಗ ಅಲ್ಲಿ 45 ಡಿಗ್ರಿ ದಾಟಿರುತ್ತದೆ. ಮಂಡಿನೋವಿನವರನ್ನೂ ಮಗುವನ್ನೂ ಕರೆದುಕೊಂಡು ಹೋಗುವ ಕಾಲವಲ್ಲ ಅದು. ನವೆಂಬರ್‌ನಿಂದ ಮಾರ್ಚ್ ಮಧ್ಯದವರೆಗಿನ ಹವೆ ನಡೆಯಲು ಹೇಳಿ ಮಾಡಿಸಿದ್ದು. ಅಲ್ ಐನ್ ಸಮುದ್ರದಿಂದ ದೂರ, ಸುಮಾರು 290 ಮೀಟರ್ ಎತ್ತರದಲ್ಲಿದೆ. ಹಾಗಾಗಿ ದುಬೈನ ಬೆವರು ಇಲ್ಲಿಲ್ಲ, ಆದರೆ ಡಿಸೆಂಬರ್ ಬೆಳಗ್ಗೆ ಚಳಿ ಹಿಡಿಯುತ್ತದೆ. ಒಂದು ಸ್ವೆಟರ್ ಇರಲಿ. ಹತ್ತು ಗಂಟೆಗೆ ಅದನ್ನು ಕಾರಿನಲ್ಲಿ ಬಿಸಾಡುತ್ತೀರಿ.

ಯಾವ ದಿನ, ಎಷ್ಟು ಹೊತ್ತಿಗೆ

ಸೋಮವಾರ ಬೇಡ. ಅಲ್ಲಿಯ ಕೋಟೆ, ಮ್ಯೂಸಿಯಂಗಳಿಗೆ ವಾಡಿಕೆಯಂತೆ ಸೋಮವಾರ ಬಾಗಿಲು ಹಾಕುತ್ತಾರೆ. ಶುಕ್ರವಾರವೂ ಬೇಡ, ನಡು ಮಧ್ಯಾಹ್ನದ ಪ್ರಾರ್ಥನೆ ಮುಗಿದ ಮೇಲೆಯೇ ತೆರೆಯುವ ಜಾಗಗಳಿವೆ. ಶನಿವಾರ, ಭಾನುವಾರ ಒಳ್ಳೆಯದು, ಮಗನಿಗೂ ಆಗ ರಜೆ. ಹೊರಡುವ ಹಿಂದಿನ ದಿನ ಆ ವಾರದ ಸಮಯವನ್ನು ಮಗ ಒಮ್ಮೆ ಫೋನಿನಲ್ಲಿ ನೋಡಿಕೊಳ್ಳಲಿ. ಅಲ್ಲಿ ಋತುವಿಗೆ, ರಂಜಾನಿಗೆ, ದುರಸ್ತಿಗೆ ತಕ್ಕಂತೆ ಸಮಯ ಬದಲಾಗುತ್ತಿರುತ್ತದೆ. ಓಯಸಿಸ್‌ಗೆ ಟಿಕೆಟ್ ಇಲ್ಲ. ಉಳಿದ ಕಡೆ ಇದ್ದರೂ ದೊಡ್ಡ ಮೊತ್ತವಲ್ಲ.

ಶಾರ್ಜಾದಿಂದ ಕಾರಿನಲ್ಲಿ ಸುಮಾರು 150 ಕಿಲೋಮೀಟರ್, ಹೊರವರ್ತುಲದ ರಸ್ತೆ ಹಿಡಿದು ದುಬೈ–ಅಲ್ ಐನ್ ಹೆದ್ದಾರಿ ಸೇರಿದರೆ ಒಂದೂಮುಕ್ಕಾಲು ಗಂಟೆ. ಬೆಳಗ್ಗೆ ಆರೂವರೆಗೆ ಹೊರಟರೆ ಎಂಟೂವರೆಗೆ ಓಯಸಿಸ್ ಗೇಟಿನಲ್ಲಿರುತ್ತೀರಿ. ಕಾರು ಸಿಗದಿದ್ದರೆ ದುಬೈನ ಅಲ್ ಗುಬೈಬಾ ನಿಲ್ದಾಣದಿಂದ ಇ201 ನಂಬರಿನ ಬಸ್ಸು ನೇರ ಅಲ್ ಐನ್‌ಗೆ ಹೋಗುತ್ತದೆ. ಅದಕ್ಕೆ ದುಬೈ ಸಾರಿಗೆಯ ನೋಲ್ ಕಾರ್ಡ್ ಬೇಕು, ಹೋಗಿ ಬರುವ ಎರಡೂ ಕಡೆಯ ದುಡ್ಡು ಹೊರಡುವಾಗಲೇ ಕಾರ್ಡಿನಲ್ಲಿ ತುಂಬಿಸಿಕೊಳ್ಳಿ. ಅಲ್ ಐನ್ ಇರುವುದು ಅಬುಧಾಬಿ ಸಂಸ್ಥಾನದಲ್ಲಿ, ಅಲ್ಲಿಯ ಊರೊಳಗಿನ ಬಸ್ಸಿಗೆ ಬೇರೆಯದೇ ಕಾರ್ಡು. ಹೊಸಬರು ಎಡವುವುದು ಇಲ್ಲೇ. ನಿಮ್ಮ ಜನಕ್ಕೆ ಊರೊಳಗೆ ಮೀಟರ್ ಟ್ಯಾಕ್ಸಿಯೇ ಸರಿ, ಜಾಗಗಳು ಒಂದಕ್ಕೊಂದು ಹತ್ತಿರವೇ ಇವೆ.

ತೋಟದೊಳಗೆ

ಅಲ್ ಐನ್ ಸುತ್ತ ಆರು ಓಯಸಿಸ್‌ಗಳಿವೆ. ಅಲ್ ಐನ್, ಹೀಲಿ, ಜೀಮಿ, ಕತ್ತಾರಾ, ಮುತರೀದ್, ಮುವೈಜಿ. ಇವನ್ನೂ ಹಫೀತ್ ಬೆಟ್ಟದ ತಪ್ಪಲಿನ ಸಮಾಧಿಗಳನ್ನೂ ಸೇರಿಸಿ ಒಟ್ಟು 17 ತಾಣಗಳನ್ನು ಯುನೆಸ್ಕೊ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು. ಆ ದೇಶದಲ್ಲಿ ಈ ಪಟ್ಟಿ ಸೇರಿದ ಮೊದಲನೆಯದು ಇದೇ. ನಿಮಗೆ ಊರ ನಡುವಿನ ದೊಡ್ಡ ಓಯಸಿಸ್ ಒಂದು ಸಾಕು. ಅಧಿಕೃತ ಲೆಕ್ಕದಲ್ಲಿ ಅಲ್ಲಿ 1,47,000 ಖರ್ಜೂರದ ಮರ, ಸುಮಾರು ನೂರು ತಳಿ.

ಇದಕ್ಕೆ ಹಲವು ಗೇಟುಗಳಿವೆ. ಪಶ್ಚಿಮದ ಗೇಟಿನಿಂದ ಒಳಹೋಗಿ. ತೋಟ, ನೀರಿನ ಬಗ್ಗೆ ಮಕ್ಕಳಿಗೂ ತಿಳಿಯುವಂತೆ ಮಾಡಿಟ್ಟ ಸಣ್ಣ ಪ್ರದರ್ಶನ ಕೇಂದ್ರ ಆ ಕಡೆಯೇ ಇದೆ, ಅರಮನೆ ಮ್ಯೂಸಿಯಂ ಕೂಡ ಅದೇ ಅಂಚಿನಲ್ಲಿದೆ. ಬಾಡಿಗೆ ಸೈಕಲ್ ಸಿಗುತ್ತದೆ, ಮೊಮ್ಮಗಳಿಗೆ ಖುಷಿ. ಬ್ಯಾಟರಿ ಗಾಡಿ, ಕುದುರೆಗಾಡಿ ಇದ್ದರೆ ಹತ್ತಿ, ಆದರೆ ಅದನ್ನೇ ನೆಚ್ಚಿಕೊಂಡು ಹೋಗಬೇಡಿ.

ಒಳಗಿನ ದಾರಿಗಳು ಕಲ್ಲುಹಾಸಿನವು, ಸಮತಟ್ಟು, ಮಂಡಿಗೆ ತೊಂದರೆಯಿಲ್ಲ. ತೊಂದರೆ ಆಗುವುದು ಬೇರೆ ಕಾರಣಕ್ಕೆ. ಎರಡೂ ಬದಿಗೆ ಆಳೆತ್ತರದ ಗೋಡೆ, ಮೇಲೆ ಸೋಗೆಯ ಚಪ್ಪರ, ಹತ್ತು ಹೆಜ್ಜೆಗೊಂದು ಕವಲು. ಅರ್ಧ ಗಂಟೆಯಲ್ಲಿ ಎಲ್ಲ ದಾರಿಯೂ ಒಂದೇ ತರಹ ಕಾಣತೊಡಗುತ್ತದೆ. ಬಹಳ ಮಂದಿ ಪೂರ್ವದ ಗೇಟಿನಿಂದ ಹೊರಬಿದ್ದು, ಕಾರಿರುವ ಪಶ್ಚಿಮದ ಗೇಟಿಗೆ ಬಿಸಿಲಲ್ಲಿ ಸುತ್ತುಹಾಕಿ ಬರುತ್ತಾರೆ. ಒಳಹೋಗುವ ಮೊದಲು ಗೇಟಿನ ಫಲಕದ ಫೋಟೊ ತೆಗೆದುಕೊಳ್ಳಿ, ಫೋನಿನ ನಕ್ಷೆಯಲ್ಲಿ ಕಾರಿನ ಜಾಗಕ್ಕೆ ಗುರುತು ಹಾಕಿ. ಮನೆಯವರಿಗೆ ಒಂದು ಮಡಚುವ ಸ್ಟೂಲ್ ಒಯ್ದರೆ ಎಲ್ಲಿ ಬೇಕಾದರೂ ಕೂರಬಹುದು. ಹೋಗುವಾಗ ಅರ್ಧ ಗಂಟೆ ನಡೆದರೆ ಬರುವುದಕ್ಕೂ ಅರ್ಧ ಗಂಟೆ ಬೇಕು ಎಂಬ ಲೆಕ್ಕ ತಲೆಯಲ್ಲಿರಲಿ.

ಗೋಡೆಯಾಚೆ ಇರುವುದು ಖಾಸಗಿ ತೋಟಗಳು, ಒಬ್ಬೊಬ್ಬರದು ಒಂದೊಂದು ತುಂಡು. ಬಾಗಿಲು ತೆರೆದಿದ್ದರೂ ಒಳಗೆ ಹೋಗಬಾರದು. ಕೆಲಸದವರು ಬನ್ನಿ ಎಂದು ಕರೆದರೆ ಬೇರೆ ಮಾತು. ಕೆಲಸಕ್ಕಿರುವವರಲ್ಲಿ ಹೆಚ್ಚಿನವರು ದಕ್ಷಿಣ ಏಷ್ಯಾದವರೇ, ಹಿಂದಿ ನಡೆಯುತ್ತದೆ. ‘ಈವತ್ತು ಯಾರ ಪಾಳಿ?’ ಎಂದು ಕೇಳಿ ನೋಡಿ, ಮಾತು ತಾನಾಗಿ ಹೊರಡುತ್ತದೆ.

ಫಲಜ್: ಸುರಂಗವೂ ಅಲ್ಲ, ಬಾವಿಯೂ ಅಲ್ಲ

ಈಗ ನಿಮ್ಮ ಮುಖ್ಯ ಪ್ರಶ್ನೆಗೆ. ದಕ್ಷಿಣ ಕನ್ನಡ, ಕಾಸರಗೋಡಿನ ಸುರಂಗಕ್ಕೂ ಫಲಜ್‌ಗೂ ನೆಂಟಸ್ತಿಕೆ ಇದೆ, ಆದರೆ ಸ್ವಲ್ಪ ದೂರದ್ದು. ಸುರಂಗವನ್ನು ಗುಡ್ಡದ ಬದಿಯಿಂದ ಮುರಕಲ್ಲಿಗೆ ಅಡ್ಡಲಾಗಿ ಕೊರೆದು, ಒಸರುವ ನೀರನ್ನು ಹೊರತರುತ್ತಾರೆ. ಒಂದು ಮನೆ, ಒಂದು ತೋಟಕ್ಕೆ ಆಗುವಷ್ಟು. ಫಲಜ್‌ನ ಖಾಸಾ ದಾಯಾದಿ ಬೇಕಿದ್ದರೆ ಬೀದರಿಗೆ ಹೋಗಬೇಕು. ನೌಬಾದಿನ ಕರೇಜ್ ಎಂಬ ನೆಲದಡಿಯ ಕಾಲುವೆ, 15ನೇ ಶತಮಾನದ ಬಹಮನಿ ಕಾಲದ್ದು, ಪರ್ಷಿಯಾದ ಕೈಕಸುಬಿನಿಂದ ಬಂದದ್ದು. ಅದನ್ನು ನೋಡಿದವರಿಗೆ ಅಲ್ ಐನ್‌ನಲ್ಲಿ ಅರ್ಧ ಪಾಠ ಮೊದಲೇ ಆಗಿರುತ್ತದೆ.

ಕೆಲಸ ಮಾಡುವ ಬಗೆ ಹೀಗೆ. ಪೂರ್ವಕ್ಕೆ ಒಮಾನಿನ ಹಜರ್ ಬೆಟ್ಟಸಾಲಿದೆ. ಅಲ್ಲಿ ಬಿದ್ದ ಅಷ್ಟಿಷ್ಟು ಮಳೆ ಜಲ್ಲಿ, ಗರಸಿನಲ್ಲಿ ಇಂಗಿ ನೆಲದಡಿಯಲ್ಲೇ ಪಶ್ಚಿಮಕ್ಕೆ ಇಳಿದುಬರುತ್ತದೆ. ಬೆಟ್ಟದ ಕಡೆ, ಎತ್ತರದ ಜಾಗದಲ್ಲಿ ನೀರು ಸಿಗುವವರೆಗೆ ಒಂದು ಬಾವಿ ತೋಡುತ್ತಾರೆ. ಅರಬಿಯಲ್ಲಿ ಅದು ‘ಉಮ್’, ಅಂದರೆ ತಾಯಿ. ಆ ಬಾವಿಯ ತಳದ ನೀರನ್ನು ನೆಲದಡಿಯ ಕಾಲುವೆಯಲ್ಲಿ ತೋಟದ ಕಡೆಗೆ ಹರಿಸುತ್ತಾರೆ. ನೆಲ ಇಳಿಯುವುದಕ್ಕಿಂತ ಕಾಲುವೆಯ ಇಳಿಜಾರು ಕಡಿಮೆ. ಹಾಗಾಗಿ ಕೆಲವು ಕಿಲೋಮೀಟರ್ ಹೋದಮೇಲೆ ಕಾಲುವೆ ತಾನಾಗಿ ನೆಲದ ಮಟ್ಟಕ್ಕೆ ಬಂದು ಹೊರಬೀಳುತ್ತದೆ. ಪಂಪಿಲ್ಲ, ಏತವಿಲ್ಲ. ಇಳಿಜಾರು ತುಸು ಹೆಚ್ಚಾದರೆ ನೀರು ತಳವನ್ನು ಕೊರೆದು ಗೋಡೆ ಕುಸಿಯುತ್ತದೆ, ತುಸು ಕಡಿಮೆಯಾದರೆ ಹೂಳು ಕೂರುತ್ತದೆ. ಇಡೀ ಕಸುಬು ನಿಂತಿರುವುದು ಈ ‘ತುಸು’ವಿನ ಮೇಲೆ. ದಾರಿಯುದ್ದಕ್ಕೂ ಅಷ್ಟಷ್ಟು ದೂರಕ್ಕೆ ನೇರ ಬಾವಿಕಂಡಿಗಳನ್ನು ಇಳಿಸಿರುತ್ತಾರೆ. ತೋಡಿದ ಮಣ್ಣು ಮೇಲೆ ಬರುವುದು, ಕೆಳಗಿನವರಿಗೆ ಗಾಳಿ ಸಿಗುವುದು, ಮುಂದೆ ಹೂಳು ತೆಗೆಯಲು ಇಳಿಯುವುದು ಎಲ್ಲ ಅದರಿಂದಲೇ.

ನೀರು ಮೊದಲು ಬೆಳಕು ಕಾಣುವ ಜಾಗಕ್ಕೆ ‘ಶರೀಆ’ ಎನ್ನುತ್ತಾರೆ. ಅಲ್ಲಿ ಕುಡಿಯಲು ತುಂಬಿಕೊಳ್ಳುವುದು, ಅದರ ಕೆಳಗೆ ಸ್ನಾನ, ಒಗೆತ, ಆಮೇಲೆ ತೋಟ. ಈ ಸರದಿ ತಪ್ಪುವಂತಿರಲಿಲ್ಲ. ತೋಟದೊಳಗೆ ಬಂದ ನೀರು ಕವಲೊಡೆಯುತ್ತ ಹೋಗುತ್ತದೆ. ಪ್ರತಿ ತೋಟಕ್ಕೂ ಇಂತಿಷ್ಟು ಹೊತ್ತಿನ ಪಾಳಿ. ಹಗಲಿನಲ್ಲಿ ನೆರಳು ಅಳೆದು, ರಾತ್ರಿ ನಕ್ಷತ್ರ ನೋಡಿ ಹೊತ್ತು ಲೆಕ್ಕ ಹಾಕುತ್ತಿದ್ದರು. ಲೆಕ್ಕ ಇಡುವವನು ‘ಅರೀಫ್’. ನಿಮ್ಮೂರಲ್ಲಿ ನೀರಿಗಾಗಿ ನಡೆದ ಜಗಳ ನೆನಪಿದ್ದರೆ ಅರೀಫನ ಕುರ್ಚಿ ಎಷ್ಟು ಬಿಸಿಯಿದ್ದಿರಬೇಕು ಎಂದು ಊಹಿಸಬಹುದು. 1946ರಿಂದ 1966ರವರೆಗೆ ಇಲ್ಲಿಯ ಆಡಳಿತ ನೋಡಿಕೊಂಡ ಶೇಖ್ ಜಾಯೆದ್, ಮುಂದೆ ದೇಶದ ಮೊದಲ ಅಧ್ಯಕ್ಷರಾದವರು, ನೀರನ್ನು ಉಳ್ಳವರು ಮಾರಿಕೊಳ್ಳುವ ಪದ್ಧತಿಯನ್ನೇ ನಿಲ್ಲಿಸಿದರು. ಅವರಿಗೆ ಊರಿನಲ್ಲಿ ಹೆಸರು ಬಂದದ್ದರಲ್ಲಿ ಇದರ ಪಾಲು ದೊಡ್ಡದು.

ನೀವು ನಡೆಯುವಾಗ ನೋಡಬೇಕಾದದ್ದು ಕಾಲುವೆ ಕವಲೊಡೆಯುವ ಒಂದು ಜಾಗ. ಮೊಣಕಾಲೂರಿ ಕೂರಲಾಗದಿದ್ದರೆ ಬಗ್ಗಿ ನೋಡಿದರೂ ಸಾಕು. ಕಾಲುವೆಯ ಪಕ್ಕದ ಗೋಡೆಯಲ್ಲಿ ಒಂದು ಗಂಡಿ, ಅದಕ್ಕೆ ಅಡ್ಡ ಒಂದು ಚಪ್ಪಡಿ ಅಥವಾ ತಗಡು, ಸಂದಿಯಲ್ಲಿ ಒದ್ದೆ ಬಟ್ಟೆಯೋ ಖರ್ಜೂರದ ನಾರೋ ತುರುಕಿರುತ್ತಾರೆ. ಅದನ್ನು ಎತ್ತಿದರೆ ಒಂದು ತೋಟಕ್ಕೆ ನೀರು, ಇಟ್ಟರೆ ಮುಂದಿನವನಿಗೆ. ಮೊಮ್ಮಗಳಿಗೆ ಅದನ್ನು ಮುಟ್ಟಬೇಡ ಎಂದು ಮೊದಲೇ ಹೇಳಿಡಿ. ಆಟಕ್ಕೆ ಎತ್ತಿದರೆ ಯಾರದೋ ಪಾಳಿಯ ನೀರು ಇನ್ಯಾರದೋ ಮಡಿಗೆ ಹೋಗುತ್ತದೆ. ಕಾಲುವೆಯ ಅಂಚಿಗೆ ಪಾಚಿ ಕಟ್ಟಿರುತ್ತದೆ, ಅಲ್ಲಿ ಕಾಲಿಡಬೇಡಿ. ಆ ನೀರು ಕುಡಿಯಲೂ ಬೇಡ. ಬೆಳಗ್ಗೆ ಹೋದರೆ ನೀರು ಹರಿಯುತ್ತಿರುವ ಕಾಲುವೆ ಸಿಗುವ ಸಂಭವ ಹೆಚ್ಚು. ಒಂದು ಕಡೆ ಒಣಗಿದ್ದರೆ ಪಾಳಿ ಬೇರೆ ಕಡೆ ನಡೆದಿದೆ ಎಂದರ್ಥ, ಮುಂದಿನ ಕವಲಿಗೆ ಹೋಗಿ.

ಒಂದು ಸತ್ಯವನ್ನು ಫಲಕಗಳು ಮೆಲ್ಲಗೆ ಹೇಳುತ್ತವೆ. ಈ ತೋಟಕ್ಕೆ ನೀರು ಕೊಡುತ್ತಿದ್ದ ಐನಿ, ದಾವೂದಿ ಎಂಬ ಎರಡು ಫಲಜ್‌ಗಳಲ್ಲಿ ಈಗ ಹರಿಯುವುದು ಹಿಂದಿನಂತೆ ತಾನಾಗಿ ಬಂದ ನೀರಲ್ಲ, ಬೋರ್‌ವೆಲ್‌ನಿಂದ ಎತ್ತಿ ಬಿಟ್ಟದ್ದು. ಸುತ್ತ ಆಳದ ಬಾವಿಗಳು ಬಂದು ಅಂತರ್ಜಲ ಕಾಲುವೆಯ ತಳಕ್ಕಿಂತ ಕೆಳಗಿಳಿದರೆ ಫಲಜ್‌ಗೆ ಬೇರೆ ದಾರಿಯಿಲ್ಲ. ಪಂಪಿನ ಬಾವಿಯನ್ನು ಇನ್ನೂ ಆಳಕ್ಕೆ ಕೊರೆಯಬಹುದು, ಫಲಜ್‌ನ ಇಳಿಜಾರನ್ನು ಕೊರೆಯಲಾಗುವುದಿಲ್ಲ. ನಮ್ಮಲ್ಲಿ ಬೋರ್ ಬಂದು ತೆರೆದ ಬಾವಿ ಬತ್ತಿದ ಕಥೆಯೇ ಇದು. ಕಾಲುವೆ, ಪಾಳಿ, ಗಂಡಿ ಎಲ್ಲ ಹಳೆಯವೇ ಉಳಿದಿವೆ, ತಾಯಿಬಾವಿಯ ಜಾಗಕ್ಕೆ ಪಂಪು ಬಂದಿದೆ.

ಮರದ ಬುಡದಲ್ಲಿ

ಖರ್ಜೂರ ನಮ್ಮ ಈಚಲಿನ ಹತ್ತಿರದ ನೆಂಟ. ಈಚಲಿಗೆ ಒಂಟಿ ಕಾಂಡ, ಖರ್ಜೂರ ಬುಡದಲ್ಲಿ ಬಾಳೆಯ ಹಾಗೆ ಕಂದು ಒಡೆಯುತ್ತದೆ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ, ಹೂ ಬಿಡುವವರೆಗೆ ಗುರುತಾಗದು. ಬೀಜ ಹಾಕಿದರೆ ಸರಿಸುಮಾರು ಅರ್ಧ ಗಂಡಾಗುತ್ತದೆ, ತಳಿಯೂ ತಾಯಿಯ ಹಾಗೆ ಬರುವುದಿಲ್ಲ. ಅದಕ್ಕೇ ಕಂದು ನೆಡುವುದು, ಈಗೀಗ ಅಂಗಾಂಶ ಕೃಷಿಯ ಸಸಿ. ಅಲ್ ಐನ್‌ನಲ್ಲೇ ಇರುವ ಯುಎಇ ವಿಶ್ವವಿದ್ಯಾಲಯ ಆ ಕೆಲಸಕ್ಕೆ ಪ್ರಯೋಗಾಲಯ ನಡೆಸುತ್ತದೆ. ಗಾಳಿಯನ್ನು ನಂಬಿ ಕೂರದೆ ಗಂಡು ಹೊಂಬಾಳೆಯ ಎರಡು ಮೂರು ಎಳೆಗಳನ್ನು ಕೊಯ್ದು ಹೆಣ್ಣು ಗೊನೆಯ ಮಧ್ಯೆ ತಲೆಕೆಳಗಾಗಿ ಸಿಕ್ಕಿಸಿ ಕಟ್ಟುತ್ತಾರೆ. ಹಾಗಾಗಿ ಹತ್ತಾರು ಹೆಣ್ಣು ಮರಕ್ಕೆ ಒಂದು ಗಂಡು ಸಾಕು. ಹತ್ತುವವರು ಸೊಂಟಕ್ಕೂ ಮರಕ್ಕೂ ಸುತ್ತಿಕೊಳ್ಳುವ ಹಗ್ಗದ ಹೆಸರು ‘ಹಾಬೂಲ್’. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರನ್ನು ನೋಡಿದ ಕಣ್ಣಿಗೆ ಇದು ನಿಧಾನವೆನಿಸಬಹುದು. ಆದರೆ ಖರ್ಜೂರದ ಕಾಂಡ ನುಣುಪಲ್ಲ, ಕೊಯ್ದ ಸೋಗೆಯ ಮೊಂಡುಗಳೇ ಮೆಟ್ಟಿಲು, ಬುಡದ ಮುಳ್ಳು ಬೆರಳುದ್ದ. ಒಂದು ಮರದಿಂದ ಇನ್ನೊಂದಕ್ಕೆ ಜೀಕಿ ಹೋಗುವ ನಮ್ಮ ವರಸೆ ಇಲ್ಲಿ ನಡೆಯದು.

ಗೋಡೆಯ ಕಿಂಡಿಯಲ್ಲಿ ಕಣ್ಣಿಟ್ಟರೆ ಇನ್ನೊಂದು ಪರಿಚಯದ ಚಿತ್ರ ಸಿಗುತ್ತದೆ: ಮೇಲೆ ಖರ್ಜೂರ, ನಡುವೆ ಮಾವು, ಅಂಜೂರ, ನಿಂಬೆ, ಬಾಳೆ, ನೆಲದಲ್ಲಿ ಮೇವಿನ ಸೊಪ್ಪು. ಅಡಿಕೆ, ಬಾಳೆ, ಏಲಕ್ಕಿಯ ಅಂತಸ್ತುಗಳೇ, ಕಾರಣ ಮಾತ್ರ ತಿರುಗುಮುರುಗು. ನಿಮ್ಮ ತೋಟದಲ್ಲಿ ಹೆಚ್ಚಿನ ನೀರನ್ನು ಹೊರಹಾಕಲು ಕಾದಿಗೆ ತೋಡುತ್ತೀರಿ. ಇಲ್ಲಿ ಸಿಕ್ಕ ನೀರು ಆವಿಯಾಗದಿರಲೆಂದು ನೆರಳಿನ ಮೇಲೆ ನೆರಳು ಹೆಣೆಯುತ್ತಾರೆ. ಮರಗಳ ನಡುವೆ ಅಲ್ಲಲ್ಲಿ ಪ್ಲಾಸ್ಟಿಕ್ ಬಕೆಟ್ ಕಾಣಿಸಿದರೆ ಅದು ಕೆಂಪು ಮೂತಿ ಹುಳುವಿಗೆ ಇಟ್ಟ ಮೋಹಕ ಬಲೆ. ತೆಂಗಿನ ಶತ್ರು ಅಲ್ಲಿ ಖರ್ಜೂರದ ಶತ್ರು.

ಇನ್ನು, ಗಿಡ ತರುವ ವಿಚಾರ. ಬೇಡ. ಮೊದಲನೆಯದು, ಸಸ್ಯ ಕ್ವಾರಂಟೈನ್ ಪರವಾನಗಿ ಇಲ್ಲದೆ ಗಿಡ ತರುವಂತಿಲ್ಲ, ಮೇಲೆ ಹೇಳಿದ ಹುಳು ಕಂದಿನೊಳಗೇ ಕೂತು ಬರುತ್ತದೆ. ಎರಡನೆಯದು ಹವೆ. ಖರ್ಜೂರಕ್ಕೆ ಕಾಲು ನೀರಲ್ಲಿ, ತಲೆ ಬೆಂಕಿಯಲ್ಲಿ ಇರಬೇಕು ಎಂದು ಅರಬರಲ್ಲಿ ಒಂದು ಮಾತಿದೆ. ಹಣ್ಣು ಮಾಗುವ ಜುಲೈ, ಆಗಸ್ಟ್‌ನಲ್ಲಿ ಶಿರಸಿಯಲ್ಲಿ ಆಕಾಶ ಕಳಚಿಬಿದ್ದಿರುತ್ತದೆ. ಗೊನೆ ಕೊಳೆತುಹೋಗುತ್ತದೆ. ಕಚ್‌ನಂಥ ಒಣ ಸೀಮೆಯವರೇ ಮಳೆಗೆ ಹೆದರಿ ಪೂರ್ತಿ ಮಾಗುವ ಮೊದಲು, ಗರಿಗರಿಯಾಗಿರುವಾಗಲೇ ಕೊಯ್ದು ಮಾರುತ್ತಾರೆ. ಮಲೆನಾಡಿನಲ್ಲಿ ಮರ ಅಂದಕ್ಕೆ ನಿಂತೀತು, ಹಣ್ಣಿನ ಆಸೆ ಬೇಡ.

ಮಣ್ಣಿನ ಮನೆಗಳು

ಹನ್ನೊಂದರ ಹೊತ್ತಿಗೆ ಓಯಸಿಸ್‌ನಿಂದ ಹೊರಬಂದು ಅಲ್ ಐನ್ ಅರಮನೆ ಮ್ಯೂಸಿಯಂಗೆ ಹೋಗಿ. 1937ರಲ್ಲಿ ಕಟ್ಟಿದ್ದು, ಶೇಖ್ ಜಾಯೆದ್ 1966ರವರೆಗೆ ಇದ್ದ ಮನೆ. ಅರಮನೆ ಎಂದಾಕ್ಷಣ ಮೈಸೂರನ್ನು ನೆನೆಯಬೇಡಿ. ಅಂಗಳದಿಂದ ಅಂಗಳಕ್ಕೆ ಹೋಗುವ ತೊಟ್ಟಿಮನೆಗಳ ಗುಂಪಿನಂತಿದೆ. ಗೋಡೆ ಎಲ್ಲ ಹೊಸದಾಗಿ ಗಾರೆ ಹಚ್ಚಿದಂತೆ ಕಾಣುತ್ತದೆ, ಹೌದು, ದುರಸ್ತಿಯಾಗಿದೆ. ‘ಹಳೆಯದು ಎಲ್ಲಿ’ ಎಂದು ಮುಖ ಸಿಂಡರಿಸುವವರಿದ್ದಾರೆ. ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಯ ಕಟ್ಟಡಕ್ಕೆ ಆಗಾಗ ಮಣ್ಣು ಮೆತ್ತದಿದ್ದರೆ ಕೆಲವೇ ಮಳೆಗೆ ಅದು ದಿಬ್ಬವಾಗುತ್ತದೆ. ಮೆತ್ತುತ್ತಲೇ ಇರುವುದು ಆ ಕಟ್ಟಡದ ಬದುಕಿನ ಕ್ರಮ.

ಒಳಗೆ ಕಾಲಿಟ್ಟರೆ ಮೊದಲು ಕತ್ತೆತ್ತಿ. ಕೋಣೆಗಳು ಉದ್ದಕ್ಕಿವೆ, ಅಗಲ ಹೆಚ್ಚೂಕಡಿಮೆ ಮೂರು ಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಾರಣ ತೊಲೆ. ಕೊಲ್ಲಿಯ ಹಳೇ ಮನೆಗಳಿಗೆ ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತಿದ್ದ ‘ಚಂದಲ್’ ಎಂಬ ಕಾಂಡ್ಲಾ ಗಳಗಳ ಉದ್ದವೇ ಅಷ್ಟು. ಒಳನಾಡಿನಲ್ಲಿ ಖರ್ಜೂರದ ಕಾಂಡವನ್ನೇ ಸೀಳಿ ಬಳಸಿದರೂ ಕಥೆ ಅದೇ. ಅಡಿಕೆ ಮರದ ಹಾಗೆ ಅದೂ ನಾರಿನ ಕಾಂಡ, ಅಗಲಕ್ಕೆ ಹಾಕಿದರೆ ಜೋಲುತ್ತದೆ. ತೊಲೆಯ ಮೇಲೆ ಗರಿದಂಟಿನ ತಟ್ಟಿ, ಅದರ ಮೇಲೆ ಹೆಣೆದ ಚಾಪೆ, ಮೇಲೆ ಮಣ್ಣು. ಮರುಭೂಮಿಯಲ್ಲಿ ಮನೆಯ ಅಳತೆಯನ್ನು ನಿರ್ಧರಿಸಿದ್ದು ಹೀಗೆ ಹಡಗಿನಲ್ಲಿ ಬಂದ ಗಳ. ಮಣ್ಣಿನ ಮಹಡಿಯಿಂದ ಚಾಚಿದ ಮಳೆನೀರಿನ ದೋಣಿಗಳನ್ನೂ ಗಮನಿಸಿ. ಮಳೆ ಅಪರೂಪ, ಬಂದರೆ ಗೋಡೆಗೆ ತಾಗದಂತೆ ದೂರಕ್ಕೆ ಎಸೆಯಬೇಕು. ಕೆಳಗಿನ ಕೋಣೆಗಳನ್ನು ಮನೆಯವರೂ ಆರಾಮವಾಗಿ ನೋಡಬಹುದು. ಮೆಟ್ಟಿಲು ಕಡಿದು, ಅವರು ಅಂಗಳದಲ್ಲೇ ಕೂರಲಿ.

ಊಟಕ್ಕೆ ಊರ ಗಡಿಯಾರ ಗೋಪುರದ ಸುತ್ತಮುತ್ತ ಹೋದರೆ ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲು ಸಿಗುತ್ತದೆ. ಒಂದೂವರೆ ಗಂಟೆ ಅಲ್ಲೇ ಕಳೆಯಿರಿ.

ಮೂರು ಗಂಟೆ ಮೇಲೆ ಜಾಹಿಲಿ ಕೋಟೆ. ಬಿಸಿಲು ಓರೆಯಾದಾಗ ಮಣ್ಣಿನ ಗೋಡೆಯ ಉಬ್ಬುತಗ್ಗು ಎದ್ದು ಕಾಣುತ್ತದೆ, ನಡುಹಗಲಲ್ಲಿ ಎಲ್ಲ ಚಪ್ಪಟೆ. 1890ರ ದಶಕದಲ್ಲಿ ಶೇಖ್ ಜಾಯೆದ್ ಬಿನ್ ಖಲೀಫಾ ಕಟ್ಟಿಸಿದ್ದು, ಮೇಲೆ ಹೇಳಿದ ಜಾಯೆದರ ಅಜ್ಜ. ಚೌಕ ಕೋಟೆ ಒಂದು, ಪಕ್ಕದಲ್ಲಿ ಒಂದರ ಮೇಲೊಂದು ಕಿರಿದಾಗುತ್ತ ಹೋಗುವ ದುಂಡು ಬುರುಜು ಒಂದು. ಫೋಟೊಗಳಲ್ಲಿ ನೀವು ನೋಡಿರುವುದು ಆ ಬುರುಜು. ನಮ್ಮ ಚಿತ್ರದುರ್ಗದ ಲೆಕ್ಕದಲ್ಲಿ ಇದು ಕೋಟೆಯೇ ಅಲ್ಲ, ಒಂದು ದೊಡ್ಡ ಕಣದಷ್ಟು. ಆದರೆ ಇಲ್ಲಿ ಕಾಯಬೇಕಾಗಿದ್ದುದು ಕಾಲುವೆ ಮತ್ತು ಕೊಯ್ಲು. ಗೋಡೆಯ ಸೀಳುಕಿಂಡಿಗಳು, ತುದಿಯ ತೆನೆಗಳು ಬಂದೂಕಿನ ಕಾಲದವು, ಫಿರಂಗಿಗೆ ಕಟ್ಟಿದ್ದಲ್ಲ. ಒಳಗೆ ಬ್ರಿಟಿಷ್ ಪ್ರವಾಸಿ ವಿಲ್ಫ್ರೆಡ್ ಥೆಸಿಗರ್ 1940ರ ದಶಕದಲ್ಲಿ ರಬ್ ಅಲ್ ಖಾಲಿ ಮರುಭೂಮಿ ದಾಟಿದಾಗ ತೆಗೆದ ಕಪ್ಪುಬಿಳುಪು ಚಿತ್ರಗಳ ಪ್ರದರ್ಶನವಿದೆ. ಬೇಗ ದಾಟಿ ಹೋಗಬೇಡಿ, ಎಣ್ಣೆ ಹಣ ಬರುವ ಮುಂಚಿನ ಅಲ್ ಐನ್ ಅದರಲ್ಲಿ ಸಿಗುತ್ತದೆ.

ಉಳಿದ ಹೊತ್ತಿಗೆ

ಇನ್ನೊಂದಕ್ಕೆ ಮಾತ್ರ ಸಮಯವಿರುತ್ತದೆ. ಹೀಲಿ ಪುರಾತತ್ವ ಉದ್ಯಾನದಲ್ಲಿ ಸುಮಾರು 4,000 ವರ್ಷ ಹಿಂದಿನ ದುಂಡು ಸಮಾಧಿಯಿದೆ, ಅಡ್ಡಳತೆ 12 ಮೀಟರ್, ಬಾಗಿಲ ಕಲ್ಲಿನ ಮೇಲೆ ಮನುಷ್ಯರ, ಪ್ರಾಣಿಗಳ ಉಬ್ಬುಚಿತ್ರ. ಬಿದ್ದ ಕಲ್ಲುಗಳನ್ನು ಜೋಡಿಸಿ ನಿಲ್ಲಿಸಿದ್ದು. ಹೀಲಿಯಲ್ಲೇ ಸುಮಾರು 3,000 ವರ್ಷ ಹಳೆಯ ಫಲಜ್ ಅಗೆದು ತೆಗೆದಿದ್ದಾರೆ. ಈ ವಿದ್ಯೆ ಪರ್ಷಿಯಾದಿಂದ ಬಂದಿತೋ ಇಲ್ಲೇ ಹುಟ್ಟಿತೋ ಎಂಬ ಜಗಳಕ್ಕೆ ಮೂಲ ಅದೇ. ಉದ್ಯಾನ ಸಮತಟ್ಟು, ಬೆಂಚುಗಳಿವೆ, ಮಗುವಿಗೆ ಓಡಾಡಲು ಹುಲ್ಲಿದೆ. ನಿಮ್ಮ ಮನೆಗೆ ಇದೇ ಸರಿ.

ಜಬಲ್ ಹಫೀತ್ ಬೇಕೆಂದು ಮೊಮ್ಮಗಳು ಹಠ ಹಿಡಿದರೆ ಹೀಲಿ ಬಿಡಿ. 11.7 ಕಿಲೋಮೀಟರ್ ರಸ್ತೆ, 60 ತಿರುವು, ವಾಂತಿಯಾಗುವ ಮಕ್ಕಳಿಗೆ ಮೊದಲೇ ಮಾತ್ರೆ ಕೊಡಬೇಕು. ಡಿಸೆಂಬರ್ ಕೊನೆಗೆ ಸೂರ್ಯ ಐದೂವರೆ ದಾಟುತ್ತಲೇ ಇಳಿಯುತ್ತಾನೆ, ರಜಾದಿನ ಅದೇ ಹೊತ್ತಿಗೆ ಎಲ್ಲರೂ ಮೇಲಿರುತ್ತಾರೆ, ಇಳಿಯುವಾಗ ಕಾರಿನ ಸಾಲು. ಒಂಟೆ ಸಂತೆ ಬೆಳಗಿನ ಜಾವದ ವ್ಯವಹಾರ, ಮಧ್ಯಾಹ್ನ ಹೋದರೆ ಕೊಟ್ಟಿಗೆ ವಾಸನೆ ಮಾತ್ರ.

ಪಕ್ಕದಲ್ಲೇ ಬುರೈಮಿ ಇದೆ, ಅದು ಒಮಾನ್. ಹಿಂದೆ ಒಂದೇ ಓಯಸಿಸ್ ಗುಂಪು, ಈಗ ನಡುವೆ ಬೇಲಿ, ಚೆಕ್‌ಪೋಸ್ಟ್. ಒಮ್ಮೆ ಮಾತ್ರ ಪ್ರವೇಶದ ವೀಸಾದಲ್ಲಿರುವ ನೀವು ಅತ್ತ ದಾಟಿದರೆ ಆ ವೀಸಾ ಮುಗಿದಂತೆ, ಮರಳಿ ಬರಲು ಹೊಸದು ಬೇಕು. ‘ಬರೀ ಹತ್ತು ನಿಮಿಷ ನೋಡಿ ಬರೋಣ’ ಎಂದು ಮಗ ಹೇಳಿದರೂ ಒಪ್ಪಬೇಡಿ. ಗಡಿಯ ಹತ್ತಿರ ಫೋನು ಒಮಾನಿನ ನೆಟ್‌ವರ್ಕ್ ಹಿಡಿಯಬಹುದು, ರೋಮಿಂಗ್ ಆರಿಸಿಡಿ.

ಹಣ್ಣು ಕೊಳ್ಳುವಾಗ

ಓಯಸಿಸ್ ಗೇಟಿನ ಚಂದದ ಡಬ್ಬಿ ಉಡುಗೊರೆಗೆ. ಮನೆಗೆ ಬೇಕಿದ್ದರೆ ಊರೊಳಗಿನ ಮಾರುಕಟ್ಟೆಯಲ್ಲಿ ಕಿಲೋ ಲೆಕ್ಕದಲ್ಲಿ ತೂಗಿಸಿ, ರುಚಿ ನೋಡಿಯೇ ತೆಗೆದುಕೊಳ್ಳಿ. ಖಲಾಸ್ ಎಂಬುದು ಜೇನುಬಣ್ಣದ್ದು, ಮೆತ್ತಗೆ, ಬೆಲ್ಲದ ಪಾಕದ ರುಚಿ. ಆ ಊರಿನವರ ಮೆಚ್ಚಿನದು. ಫರ್ದ್ ಕಪ್ಪು ಕಂದು, ತುಸು ಗಟ್ಟಿ, ಚೀಲದಲ್ಲಿ ಅಪ್ಪಚ್ಚಿಯಾಗದು. ಊರಿಗೆ ಒಯ್ಯಲು ಇದೇ ವಾಸಿ. ಲೂಲು ಸಣ್ಣದು, ದುಂಡನೆಯದು. ಡಿಸೆಂಬರ್‌ನಲ್ಲಿ ‘ರುತಬ್’ ಎಂದು ರಸಭರಿತ ಹಣ್ಣು ತೋರಿಸಿದರೆ ಅದು ಬೇಸಿಗೆಯಲ್ಲಿ ಫ್ರೀಜ್ ಮಾಡಿಟ್ಟದ್ದು. ತಿನ್ನಲು ಸೊಗಸು, ಆದರೆ ಹೊರಗಿಟ್ಟರೆ ಒಂದೆರಡು ದಿನದಲ್ಲಿ ಹುಳಿಬರುತ್ತದೆ, ವಿಮಾನಕ್ಕೆ ಬೇಡ. ಪೂರ್ತಿ ಒಣಗಿದ ‘ತಮರ್’ ಕೇಳಿ ಪಡೆಯಿರಿ. ಮೇಲೆ ಬಿಳಿಯ ಹರಳು ಕಂಡರೆ ಅದು ಸಕ್ಕರೆ ಕಟ್ಟಿದ್ದು. ಪುಡಿಪುಡಿಯಾಗಿ ಬೂಷ್ಟಿನ ವಾಸನೆ ಬಂದರೆ ಮಾತ್ರ ಬಿಡಿ. ನಮ್ಮ ಉತ್ತತ್ತಿ ಬೇರೆ ಪದಾರ್ಥ, ಅದನ್ನು ಅಲ್ಲಿ ಹುಡುಕಬೇಡಿ.

ಅಂಗಡಿಯಲ್ಲೋ ಮ್ಯೂಸಿಯಂನಲ್ಲೋ ಸಣ್ಣ ಬಟ್ಟಲಲ್ಲಿ ಏಲಕ್ಕಿ ಹಾಕಿದ, ಸಕ್ಕರೆಯಿಲ್ಲದ ಕಾಫಿ ಕೊಟ್ಟರೆ ಅದು ‘ಗಹ್ವಾ’. ಖರ್ಜೂರ ಕಚ್ಚಿಕೊಂಡು ಕುಡಿಯಬೇಕು. ಬಟ್ಟಲು ಖಾಲಿಯಾದ ಕೂಡಲೇ ತುಂಬುತ್ತಾರೆ. ಸಾಕು ಎನ್ನಲು ಬಾಯಿಮಾತು ಬೇಡ, ಬಟ್ಟಲನ್ನು ಕೈಯಲ್ಲಿ ಎರಡು ಸಲ ಅತ್ತಿತ್ತ ಅಲ್ಲಾಡಿಸಿ ಕೊಡಬೇಕು. ಇದನ್ನು ಮೊಮ್ಮಗಳಿಗೆ ಹೇಳಿಕೊಡಿ, ಇಡೀ ದಿನ ಅದನ್ನೇ ಮಾಡುತ್ತಾಳೆ.

ಉಡುಪು ಮೈಮುಚ್ಚುವಂತಿದ್ದರೆ ಸಾಕು, ಸೀರೆಗೆ ಯಾವ ಅಡ್ಡಿಯೂ ಇಲ್ಲ. ಕಾಲಿಗೆ ಚಪ್ಪಲಿಗಿಂತ ಬೂಟು ಮೇಲು, ದಾರಿಯಲ್ಲಿ ಖರ್ಜೂರದ ಮುಳ್ಳು ಬಿದ್ದಿರುತ್ತದೆ, ರಬ್ಬರ್ ಅಟ್ಟೆ ತೂರಿಬರುತ್ತದೆ. ಹೆಂಗಸರ, ಕೆಲಸದವರ ಫೋಟೊ ಕೇಳದೆ ತೆಗೆಯಬೇಡಿ. ಡ್ರೋನ್ ಒಯ್ಯಲೇಬೇಡಿ, ಅನುಮತಿ ಇಲ್ಲದೆ ಹಾರಿಸುವುದು ಅಲ್ಲಿ ಅಪರಾಧ. ತಲೆಗೆ ಎರಡು ಲೀಟರಿನಂತೆ ನೀರು ಕಾರಿನಲ್ಲೇ ಇರಲಿ, ಓಯಸಿಸ್‌ನ ಒಳದಾರಿಗಳಲ್ಲಿ ಎಲ್ಲ ಕಡೆ ಅಂಗಡಿಯಿಲ್ಲ. ಶೌಚಾಲಯವಿರುವುದು ಗೇಟುಗಳ ಹತ್ತಿರ, ಒಳಹೋಗುವ ಮುಂಚೆಯೇ ಮುಗಿಸಿಕೊಳ್ಳಿ. ಮನೆಯವರ ಮಂಡಿಗೆ ಹಾಕುವ ಪಟ್ಟಿಯನ್ನು ಬೆಳಗ್ಗೆ ಕಾರಿನಿಂದ ಇಳಿಯುವ ಮೊದಲೇ ಕಟ್ಟಿಸಿ, ನೋವು ಶುರುವಾದ ಮೇಲೆ ಅಲ್ಲ.